ಬಿ.ಎ. ಪದವಿಯಲ್ಲಿ ರಾಜ್ಯಶಾಸ್ತ್ರ: ಮೂರು ವರ್ಷದ ಓದನ್ನು ಜೋಡಿಸಿಕೊಳ್ಳುವ ಬಗೆ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವಳು. ದ್ವಿತೀಯ ಪಿಯುಸಿಯನ್ನು ಕನ್ನಡ ಮಾಧ್ಯಮದಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಸೇರುತ್ತಿದ್ದು, ರಾಜ್ಯಶಾಸ್ತ್ರವನ್ನು ಮುಖ್ಯವಾಗಿ ಓದುವ ಆಸೆಯಿದೆ. ಜೊತೆಗೆ ಯಾವ ವಿಷಯಗಳಿರಬೇಕು? ಅರ್ಥಶಾಸ್ತ್ರ ಬಿಟ್ಟು ಐಚ್ಛಿಕ ಕನ್ನಡ ತೆಗೆದುಕೊಂಡರೆ ಅಂಕ ಚೆನ್ನಾಗಿ ಬರುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅಪ್ಪನಿಗೆ ನಾನು ಐಎಎಸ್ ಮಾಡಬೇಕೆಂಬ ಆಸೆ. ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಬೇಕೆ? ಮೂರು ವರ್ಷವನ್ನು ಹೇಗೆ ಯೋಜಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಮೊದಲು ಇತ್ಯರ್ಥವಾಗಬೇಕಾದದ್ದು ವಿಷಯಗಳ ಜೋಡಣೆ. ಉಳಿದವನ್ನು ದಾರಿಯಲ್ಲಿ ತಿದ್ದಿಕೊಳ್ಳಬಹುದು. ಪ್ರವೇಶದ ಅರ್ಜಿಯಲ್ಲಿ ಒಮ್ಮೆ ತುಂಬಿದ ಕಾಂಬಿನೇಷನ್ ಮಾತ್ರ ಮೂರು ವರ್ಷ ಜೊತೆಗೇ ಇರುತ್ತದೆ.

ನಿಮ್ಮ ಅಕ್ಕಂದಿರು, ಸೀನಿಯರ್‌ಗಳು ಹೇಳುವ ನಿಯಮಗಳು ನಿಮಗೆ ಅನ್ವಯಿಸದೇ ಇರಬಹುದು ಎಂಬುದನ್ನು ಮೊದಲೇ ಹೇಳಬೇಕು. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. ಆಗ ಸೇರಿದವರು ಎರಡು ಮುಖ್ಯ ವಿಷಯಗಳನ್ನು ಓದಿ, ಮುಕ್ತ ಆಯ್ಕೆಯ ಪತ್ರಿಕೆಗಳನ್ನು ಬೇರೆಯಾಗಿ ಆರಿಸಿಕೊಂಡರು. 2024-25ರಿಂದ ರಾಜ್ಯವು ಅದನ್ನು ಕೈಬಿಟ್ಟು, ಮೂರು ವರ್ಷ, ಆರು ಸೆಮಿಸ್ಟರ್, ಮೂರು ಮುಖ್ಯ ವಿಷಯಗಳ ಹಳೆಯ ಮಾದರಿಗೆ ಮರಳಿದೆ. ಆದ್ದರಿಂದ ಮೂರ್ನಾಲ್ಕು ವರ್ಷ ಮುಂದಿರುವವರ ಪಠ್ಯಕ್ರಮದ ಹಾಳೆಯನ್ನು ನೋಡಿ ಯೋಜನೆ ಹಾಕಬೇಡಿ. ನಿಮ್ಮ ವಿಶ್ವವಿದ್ಯಾಲಯವು ನಿಮ್ಮ ಬ್ಯಾಚಿಗೆ ಪ್ರಕಟಿಸಿರುವ ರಾಜ್ಯಶಾಸ್ತ್ರದ ಪಠ್ಯಕ್ರಮವನ್ನು, ಆರೂ ಸೆಮಿಸ್ಟರ್‌ನದ್ದನ್ನು, ಒಮ್ಮೆಗೇ ಮುದ್ರಿಸಿ ಇಟ್ಟುಕೊಳ್ಳಿ. ಬಹುತೇಕ ವಿದ್ಯಾರ್ಥಿಗಳು ಪಠ್ಯಕ್ರಮವನ್ನು ನೋಡುವುದು ಪರೀಕ್ಷೆಗೆ ಹದಿನೈದು ದಿನ ಇರುವಾಗ, ಅದೂ ಗೈಡಿನ ಮೊದಲ ಪುಟದಲ್ಲಿ.

ಈಗ ಜೋಡಣೆಯ ಮಾತು. ನಿಮ್ಮ ಮುಂದಿರುವ ಆಯ್ಕೆಗಳು ಸಾಮಾನ್ಯವಾಗಿ ಮೂರು: ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ, ಇತಿಹಾಸ-ಸಮಾಜಶಾಸ್ತ್ರ-ರಾಜ್ಯಶಾಸ್ತ್ರ, ಇತಿಹಾಸ-ರಾಜ್ಯಶಾಸ್ತ್ರ-ಐಚ್ಛಿಕ ಕನ್ನಡ. ಮೂರರಲ್ಲೂ ಇತಿಹಾಸ ಬಂದೇ ಬರುವುದರಿಂದ ಪ್ರಶ್ನೆ ಉಳಿಯುವುದು ಮೂರನೆಯ ವಿಷಯದ ಬಗ್ಗೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅರ್ಥಶಾಸ್ತ್ರವನ್ನು ಬಿಡಬೇಡಿ. ಐಚ್ಛಿಕ ಕನ್ನಡದ ಬಗ್ಗೆ ನನಗೆ ಅಸಡ್ಡೆಯಿಲ್ಲ. ಅದನ್ನು ಮನಸ್ಸಿಟ್ಟು ಓದಿದವರ ಬರವಣಿಗೆ ಎದ್ದು ಕಾಣುತ್ತದೆ. ಆದರೆ ರಾಜ್ಯಶಾಸ್ತ್ರದ ಇವತ್ತಿನ ಅರ್ಧ ಜಗಳಗಳು ಹಣದ ಜಗಳಗಳು, ಆ ಲೆಕ್ಕ ತಿಳಿಯದವರಿಗೆ ಜಗಳದ ಸದ್ದು ಮಾತ್ರ ಕೇಳಿಸುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಒಕ್ಕೂಟ ವ್ಯವಸ್ಥೆ ಎಂಬ ಅಧ್ಯಾಯವನ್ನು ನೀವು ಪಿಯುಸಿಯಲ್ಲೇ ಓದಿದ್ದೀರಿ. ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿ ಪಟ್ಟಿ ಬಾಯಿಗೆ ಬರುತ್ತವೆ. ಕರ್ನಾಟಕಕ್ಕೆ ತೆರಿಗೆ ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎಂಬ ಮಾತನ್ನು ಪತ್ರಿಕೆಗಳಲ್ಲೂ ಓದಿರುತ್ತೀರಿ. ಹದಿನಾಲ್ಕನೆಯ ಹಣಕಾಸು ಆಯೋಗ ಹಂಚಿಕೆಗೆ ಒಳಪಟ್ಟ ಕೇಂದ್ರ ತೆರಿಗೆಯಲ್ಲಿ ಶೇ. 42ನ್ನು ಎಲ್ಲ ರಾಜ್ಯಗಳಿಗೆಂದು ಇಟ್ಟು, ಅದರಲ್ಲಿ ಕರ್ನಾಟಕಕ್ಕೆ ಶೇ. 4.713 ಕೊಟ್ಟಿತು. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೆಯ ಆಯೋಗ ರಾಜ್ಯಗಳ ಒಟ್ಟು ಪಾಲನ್ನು ಶೇ. 41 ಮಾಡಿ, ಕರ್ನಾಟಕದ ಪಾಲನ್ನು ಶೇ. 3.647ಕ್ಕೆ ಇಳಿಸಿತು. ಇವನ್ನು ಗುಣಿಸಿ ನೋಡಿ: ಹಂಚಿಕೆಗೆ ಬರುವ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕದ ಕೈ ಸೇರುತ್ತಿದ್ದದ್ದು ಆ ಅವಧಿಯಲ್ಲಿ ಹೆಚ್ಚುಕಡಿಮೆ ಎರಡು ರೂಪಾಯಿಯಿಂದ ಒಂದೂವರೆ ರೂಪಾಯಿಗೆ ಇಳಿಯಿತು. ಏಕೆ ಇಳಿಯಿತು ಎಂದು ಕೇಳಿದರೆ ಉತ್ತರ ಆಯೋಗದ ಮಾನದಂಡಗಳಲ್ಲಿದೆ. ಅತ್ಯಂತ ಹೆಚ್ಚಿನ ತೂಕ, ಶೇ. 45, ಇದ್ದದ್ದು ತಲಾ ಆದಾಯದ ಅಂತರಕ್ಕೆ, ಎಂದರೆ ಶ್ರೀಮಂತ ರಾಜ್ಯಕ್ಕಿಂತ ಎಷ್ಟು ಹಿಂದಿದ್ದೀರಿ ಎಂಬುದಕ್ಕೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತುತ್ತದೆ; ಆ ಸರಾಸರಿಯ ದಂಡವನ್ನು ನಿಮ್ಮ ತಾಲ್ಲೂಕೂ ತೆರುತ್ತದೆ. ಇದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆ ಶುದ್ಧ ರಾಜ್ಯಶಾಸ್ತ್ರದ್ದು. ಆದರೆ ತಲಾ ಆದಾಯ ಎಂದರೇನು, ಸರಾಸರಿ ಏನನ್ನು ಮರೆಮಾಡುತ್ತದೆ ಎಂದು ತಿಳಿಯದೆ ಆ ಪ್ರಶ್ನೆಯ ಹೊಸ್ತಿಲು ದಾಟುವುದಕ್ಕೆ ಆಗುವುದಿಲ್ಲ. ಇದಕ್ಕೆ ಬೇಕಾದ ಗಣಿತ ಎಸ್‌ಎಸ್‌ಎಲ್‌ಸಿಯದ್ದಕ್ಕಿಂತ ಹೆಚ್ಚಿನದಲ್ಲ.

ಈ ಸಲಹೆಗೆ ಒಂದು ತಿದ್ದುಪಡಿಯಿದೆ. ನಿಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿಲ್ಲದೆ, ಅತಿಥಿ ಉಪನ್ಯಾಸಕರ ನೇಮಕ ಪ್ರತಿ ವರ್ಷ ತಡವಾಗಿ, ತರಗತಿಗಳು ಅರ್ಧ ಸೆಮಿಸ್ಟರ್ ಕಳೆದ ಮೇಲೆ ಆರಂಭವಾಗುವ ಪರಿಸ್ಥಿತಿಯಿದ್ದರೆ, ಮತ್ತು ಸಮಾಜಶಾಸ್ತ್ರಕ್ಕೆ ಒಬ್ಬರು ಒಳ್ಳೆಯ ಮೇಷ್ಟ್ರು ಇದ್ದರೆ, ಮೇಷ್ಟ್ರನ್ನು ಆರಿಸಿಕೊಳ್ಳಿ. ಜಾತಿ, ಮೀಸಲಾತಿ, ಮತದ ಲೆಕ್ಕಾಚಾರ ಇವುಗಳ ಒಳಹೊಕ್ಕು ನೋಡಲು ಸಮಾಜಶಾಸ್ತ್ರದಷ್ಟು ಹತ್ತಿರದ ನೆರೆ ರಾಜ್ಯಶಾಸ್ತ್ರಕ್ಕೆ ಇನ್ನೊಂದಿಲ್ಲ. ಹಿಂದುಳಿದ ವರ್ಗಗಳಿಗಾಗಿ 1972ರಲ್ಲಿ ನೇಮಕವಾದ ಹಾವನೂರು ಆಯೋಗವನ್ನೂ ದೇವರಾಜ ಅರಸರ ರಾಜಕಾರಣವನ್ನೂ ಸಮಾಜಶಾಸ್ತ್ರದ ಹಿನ್ನೆಲೆಯಿಲ್ಲದೆ ಓದಿದರೆ ಇಸವಿಗಳಷ್ಟೇ ಉಳಿಯುತ್ತವೆ. ಈ ವಿಚಾರವನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಎರಡನೆಯ ವರ್ಷದ ವಿದ್ಯಾರ್ಥಿನಿಯರನ್ನು ಕೇಳಿ: ಕಳೆದ ಸೆಮಿಸ್ಟರ್‌ನಲ್ಲಿ ಯಾವ ವಿಷಯದ ನೋಟ್ಸ್‌ಗಳು ತರಗತಿಯಲ್ಲಿ ಬರೆದವು, ಯಾವುವು ಜೆರಾಕ್ಸ್ ಅಂಗಡಿಯಲ್ಲಿ ಕೊಂಡವು?

ಐಎಎಸ್ ವಿಚಾರವಾಗಿ ನಿಮ್ಮ ತಂದೆಯವರಿಗೆ ಒಂದು ಸಮಾಧಾನದ ಮಾತು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯವನ್ನು ಪದವಿಯಲ್ಲಿ ಓದಿರಲೇಬೇಕೆಂಬ ನಿಯಮವೂ ಇಲ್ಲ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯಕ್ಕೆ ತಲಾ 250 ಅಂಕಗಳ ಎರಡು ಪತ್ರಿಕೆಗಳಿವೆ. ಇದಲ್ಲದೆ ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆ ಬಹುಪಾಲು ಸಂವಿಧಾನ, ಆಡಳಿತ, ವಿದೇಶಾಂಗ ಸಂಬಂಧಗಳನ್ನೇ ಕುರಿತದ್ದು. ಆದ್ದರಿಂದ ರಾಜ್ಯಶಾಸ್ತ್ರವನ್ನು ಸರಿಯಾಗಿ ಓದಿದ ಬಿ.ಎ. ಪದವಿಯೇ ಆ ಪರೀಕ್ಷೆಯ ತಯಾರಿಯ ದೊಡ್ಡ ಭಾಗವಾಗುತ್ತದೆ. ಮೊದಲ ವರ್ಷದಲ್ಲೇ ಕೋಚಿಂಗ್ ಪುಸ್ತಕ ಹಿಡಿದು ಪಠ್ಯವನ್ನು ಬದಿಗಿಟ್ಟವರನ್ನು ನಾನು ಕಂಡಿದ್ದೇನೆ. ಮೂರನೆಯ ವರ್ಷದ ಹೊತ್ತಿಗೆ ಅವರಿಗೆ ವಿಧಿಗಳ ಸಂಖ್ಯೆಗಳೆಲ್ಲ ಗೊತ್ತಿರುತ್ತವೆ, ಆ ವಿಧಿಗಳ ಮೇಲೆ ಎರಡು ಪುಟ ವಾದ ಕಟ್ಟಲು ಮಾತ್ರ ಬರುವುದಿಲ್ಲ.

ಇನ್ನು ಓದಿನ ಕ್ರಮ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷ ರಾಜಕೀಯ ಸಿದ್ಧಾಂತದ ಮೂಲ ಪರಿಕಲ್ಪನೆಗಳಿಂದ ಆರಂಭವಾಗುತ್ತದೆ. ಮುಂದೆ ಪಾಶ್ಚಾತ್ಯ ಮತ್ತು ಭಾರತೀಯ ರಾಜಕೀಯ ಚಿಂತನೆ, ಭಾರತದ ಸರ್ಕಾರ ಮತ್ತು ರಾಜಕೀಯ, ಸಾರ್ವಜನಿಕ ಆಡಳಿತ, ತೌಲನಿಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧಗಳು ಬೇರೆ ಬೇರೆ ಅನುಕ್ರಮದಲ್ಲಿ ಬರುತ್ತವೆ. ವಿದ್ಯಾರ್ಥಿಗಳು ಅತ್ಯಂತ ಹಗುರವಾಗಿ ತೆಗೆದುಕೊಳ್ಳುವುದು ಮೊದಲ ಸೆಮಿಸ್ಟರ್‌ನ ಸಿದ್ಧಾಂತದ ಪತ್ರಿಕೆಯನ್ನು, ಮುಂದೆ ಅತ್ಯಂತ ಹೆಚ್ಚು ಕಾಡುವುದೂ ಅದೇ. ಕನ್ನಡ ಮಾಧ್ಯಮದವರಿಗೆ ಇದರಲ್ಲಿ ವಿಶೇಷವಾದ ಒಂದು ತೊಡಕಿದೆ. 'ರಾಜ್ಯ' ಎಂಬ ಪದವನ್ನೇ ನೋಡಿ. ಸಂವಿಧಾನದ 12ನೆಯ ವಿಧಿಯಲ್ಲಿ 'ರಾಜ್ಯ' ಎಂದರೆ ಕೇಂದ್ರ ಸರ್ಕಾರ ಮತ್ತು ಸಂಸತ್ತು, ರಾಜ್ಯಗಳ ಸರ್ಕಾರ ಮತ್ತು ಶಾಸಕಾಂಗ, ಸ್ಥಳೀಯ ಸಂಸ್ಥೆಗಳು, ಇತರ ಪ್ರಾಧಿಕಾರಗಳು ಎಲ್ಲವೂ. ಎಂದರೆ ನಿಮ್ಮೂರ ಗ್ರಾಮ ಪಂಚಾಯಿತಿಯೂ 'ರಾಜ್ಯ'ವೇ. ಅದೇ ಪದ 'ಕರ್ನಾಟಕ ರಾಜ್ಯ' ಎಂಬಲ್ಲಿ ಒಕ್ಕೂಟದ ಒಂದು ಘಟಕ. ಸಿದ್ಧಾಂತದ ಪತ್ರಿಕೆಯಲ್ಲಿ ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ಎಂಬ ನಾಲ್ಕು ಅಂಶಗಳುಳ್ಳದ್ದು 'ರಾಜ್ಯ'. ಆ ಅರ್ಥದಲ್ಲಿ ಕರ್ನಾಟಕ ರಾಜ್ಯವಲ್ಲ. 'ಮೂಲಭೂತ ಹಕ್ಕುಗಳು ರಾಜ್ಯದ ವಿರುದ್ಧ ದೊರೆಯುತ್ತವೆ' ಎಂಬ ವಾಕ್ಯವನ್ನು ವಿವರಿಸಲು ಹೇಳಿದಾಗ, ಹಾಗಾದರೆ ಕೇಂದ್ರದ ವಿರುದ್ಧ ದೊರೆಯುವುದಿಲ್ಲ ಎಂದು ಬರೆದ ಉತ್ತರ ಪತ್ರಿಕೆಗಳನ್ನು ನಾನು ಒಂದಲ್ಲ, ಹಲವು ತಿದ್ದಿದ್ದೇನೆ. ತಪ್ಪು ಆ ಮಕ್ಕಳದ್ದಲ್ಲ; ಒಂದೇ ಪದ ಮೂರು ಹೊರೆ ಹೊತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 'ಸ್ವಾತಂತ್ರ್ಯ'ವೂ ಹಾಗೆಯೇ: ಆಗಸ್ಟ್ 15ರ ಸ್ವಾತಂತ್ರ್ಯ ಬೇರೆ, ಪ್ರಸ್ತಾವನೆಯಲ್ಲಿನ ವಿಚಾರ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಬೇರೆ.

ಮಾಧ್ಯಮದ ಪ್ರಶ್ನೆಗೆ ನನ್ನ ಉತ್ತರವೂ ಇದಕ್ಕೆ ಸೇರಿಕೊಂಡಿದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಿರಿ. ಯೋಚಿಸುವುದು ಒಂದು ಭಾಷೆಯಲ್ಲಿ, ಬರೆಯುವುದು ಅರೆಬರೆ ತಿಳಿದ ಇನ್ನೊಂದರಲ್ಲಿ ಎಂದಾದರೆ ಮೊದಲ ವರ್ಷವೆಲ್ಲ ವಾಕ್ಯ ಕಂಠಪಾಠ ಮಾಡುವುದರಲ್ಲಿ ಕಳೆದುಹೋಗುತ್ತದೆ. ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಓದನ್ನು ಕನ್ನಡಕ್ಕೆ ಮಾತ್ರ ಸೀಮಿತಗೊಳಿಸಿದರೆ ಎರಡನೆಯ ವರ್ಷಕ್ಕೇ ದಾರಿ ಮುಚ್ಚುತ್ತದೆ. ಈ ಶಾಸ್ತ್ರದ ಹೆಚ್ಚಿನ ಸಾಮಗ್ರಿ, ತೀರ್ಪುಗಳು, ವರದಿಗಳು ಇರುವುದು ಇಂಗ್ಲಿಷಿನಲ್ಲಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕನ್ನಡ ಪಾರಿಭಾಷಿಕ ಪದ, ಬಲಕ್ಕೆ ಅದರ ಇಂಗ್ಲಿಷ್ ಪದ, ಕೆಳಗೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು. ದಿನಕ್ಕೆ ಮೂರು ಪದ ಸಾಕು. ಜೊತೆಗೆ ಎನ್‌ಸಿಇಆರ್‌ಟಿಯ 11 ಮತ್ತು 12ನೆಯ ತರಗತಿಯ ರಾಜ್ಯಶಾಸ್ತ್ರದ ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಮೊದಲ ವರ್ಷದಲ್ಲಿ ದಿನಕ್ಕೆ ಎರಡು ಪುಟದಂತೆ ಓದಿ. ಅವುಗಳ ಭಾಷೆ ಸರಳವಾಗಿದೆ, ವಿಷಯ ನಿಮಗೆ ಮೊದಲೇ ಗೊತ್ತಿದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಸಂಗತಿಗೆ ಬರುತ್ತೇನೆ. ಪತ್ರಿಕೆಗಳನ್ನು ಒಂದೊಂದಾಗಿ ಓದಿ, ಬರೆದು, ಮರೆತು ಮುಂದಿನ ಸೆಮಿಸ್ಟರ್‌ಗೆ ಹೋಗುವುದು ನಮ್ಮಲ್ಲಿ ರೂಢಿ. ಅದರ ಬದಲು ಮೊದಲ ವರ್ಷ ಮುಗಿಯುವಷ್ಟರಲ್ಲಿ ನಿಮ್ಮದೇ ಒಂದು ವಿಷಯವನ್ನು ಆರಿಸಿಕೊಂಡು, ಮುಂದಿನ ಪ್ರತಿಯೊಂದು ಪತ್ರಿಕೆಯಲ್ಲೂ ಆ ಎಳೆಯನ್ನೇ ಹಿಡಿದು ಹೋಗಿ. ಆಂತರಿಕ ಮೌಲ್ಯಮಾಪನಕ್ಕೆ ಪ್ರತಿ ಸೆಮಿಸ್ಟರ್‌ನಲ್ಲೂ ನಿಯೋಜಿತ ಬರಹ ಕೊಡಬೇಕಾಗುತ್ತದೆ. ಅವನ್ನೆಲ್ಲ ಆ ಒಂದೇ ವಿಷಯದ ಸುತ್ತ ಬರೆಯಲು ಅಧ್ಯಾಪಕರ ಅನುಮತಿ ಕೇಳಿ. ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ, ಎಲ್ಲರದ್ದೂ ಒಂದೇ ಗೈಡಿನಿಂದ ಇಳಿಸಿದ ಹತ್ತು ಪುಟಗಳನ್ನು ಓದಿ ಅವರಿಗೂ ಸಾಕಾಗಿರುತ್ತದೆ.

ಪಂಚಾಯಿತಿಯನ್ನೇ ಎಳೆಯಾಗಿ ಹಿಡಿದಿರಿ ಎಂದುಕೊಳ್ಳಿ. ರಾಜಕೀಯ ಚಿಂತನೆಯ ಪತ್ರಿಕೆಯಲ್ಲಿ ಗಾಂಧೀಜಿಯವರ ಗ್ರಾಮ ಸ್ವರಾಜ್ಯ ಬರುತ್ತದೆ. ಅದಕ್ಕೆ ಎದುರಾಗಿ ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಹಳ್ಳಿಯ ಬಗ್ಗೆ ಆಡಿದ ಕಟುವಾದ ಮಾತುಗಳನ್ನಿಟ್ಟು ಓದಿ. ಭಾರತ ಸಂವಿಧಾನದ ಪತ್ರಿಕೆಗೆ ಬಂದಾಗ, ಅದೇ ತಿಂಗಳು ಸಭೆಯು ಒಪ್ಪಿಕೊಂಡ ತಿದ್ದುಪಡಿಯೇ ಇಂದಿನ 40ನೆಯ ವಿಧಿಯಾಯಿತು, ಪಂಚಾಯಿತಿ ನಿರ್ದೇಶಕ ತತ್ವಗಳಲ್ಲಿ ಜಾಗ ಪಡೆಯಿತು ಎಂಬುದು ನಿಮಗೆ ಕಂಠಪಾಠವಾಗಿ ಉಳಿಯುವುದಿಲ್ಲ, ಒಂದು ವಾಗ್ವಾದದ ಫಲವಾಗಿ ಕಾಣುತ್ತದೆ. ಕರ್ನಾಟಕ ರಾಜಕೀಯದ ಭಾಗಕ್ಕೆ ಬಂದಾಗ ರಾಮಕೃಷ್ಣ ಹೆಗಡೆಯವರ ಸರ್ಕಾರದ 1983ರ ಪಂಚಾಯಿತಿ ಕಾಯ್ದೆ, ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್, 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು, ಅದರಲ್ಲಿ ಮಹಿಳೆಯರಿಗೆ ಇಟ್ಟಿದ್ದ ಶೇ. 25 ಸ್ಥಾನಗಳು. ದೇಶಕ್ಕೆಲ್ಲ ಅನ್ವಯಿಸುವ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಕರ್ನಾಟಕ ಅದಕ್ಕಿಂತ ಆರು ವರ್ಷ ಮೊದಲೇ ಈ ಪ್ರಯೋಗವನ್ನು ಮಾಡಿ ನೋಡಿತ್ತು. ಸಾರ್ವಜನಿಕ ಆಡಳಿತದ ಪತ್ರಿಕೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಅಧಿಕಾರವೆಷ್ಟು, ಅಧ್ಯಕ್ಷರದ್ದೆಷ್ಟು ಎಂಬ ಪ್ರಶ್ನೆ. ತೌಲನಿಕ ರಾಜಕೀಯದಲ್ಲಿ ಕೇರಳದ ಪಂಚಾಯಿತಿಗಳು. ಆರನೆಯ ಸೆಮಿಸ್ಟರ್‌ಗೆ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಐದಾರು ಸಣ್ಣ ಬರಹಗಳಿರುತ್ತವೆ. ಅವನ್ನು ಜೋಡಿಸಿ ಇಪ್ಪತ್ತು ಪುಟದ ಒಂದು ಪ್ರಬಂಧ ಮಾಡಿದರೆ, ಎಂ.ಎ. ಪ್ರವೇಶದ ಸಂದರ್ಶನಕ್ಕೆ ಅಂಕಪಟ್ಟಿಯ ಜೊತೆ ಅದನ್ನೂ ಕೊಂಡೊಯ್ಯಬಹುದು.

ಓದುವುದರ ಜೊತೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುವುದೂ ಇರಲಿ. ನಿಮ್ಮ ಪಂಚಾಯಿತಿಯ ಗ್ರಾಮ ಸಭೆಗೆ, ಸಾಧ್ಯವಾದರೆ ಪಂಚಾಯಿತಿಯ ಲೆಕ್ಕಪತ್ರವನ್ನು ಜನರೆದುರು ಪರಿಶೀಲಿಸುವ ಜಮಾಬಂದಿಗೆ, ಒಂದು ಪುಸ್ತಕ ಪೆನ್ನು ಹಿಡಿದು ಹೋಗಿ. ಕೋರಂ ಇತ್ತೆ, ಯಾರು ಎಣಿಸಿದರು? ಹೆಂಗಸರು ಎಲ್ಲಿ ಕುಳಿತಿದ್ದರು, ಎಷ್ಟು ಜನ ಎದ್ದು ಮಾತಾಡಿದರು? ಅಧ್ಯಕ್ಷೆಯ ಪರವಾಗಿ ಪತಿ ಉತ್ತರ ಕೊಟ್ಟರೆ? ಸಹಿ ಪುಸ್ತಕ ಸಭೆಗೆ ಮೊದಲು ಬಂತೆ, ಆಮೇಲೆ ಮನೆಮನೆಗೆ ಹೋಯಿತೆ? ಮಹಿಳಾ ಮೀಸಲಾತಿಯ ಪ್ರಮಾಣ ಶೇ. 25ರಿಂದ ಇಂದಿನ ಶೇ. 50ಕ್ಕೆ ಏರಿದೆ ಎಂದು ಪಠ್ಯ ಹೇಳುತ್ತದೆ, ಆ ಶೇ. 50 ಒಂದು ಮಧ್ಯಾಹ್ನ ನಿಮ್ಮೂರ ಸಮುದಾಯ ಭವನದಲ್ಲಿ ಹೇಗೆ ಕಾಣಿಸಿತು ಎಂದು ಬರೆಯಲು ನಿಮ್ಮಿಂದ ಮಾತ್ರ ಸಾಧ್ಯ.

ಪಂಚಾಯಿತಿ ಬೇಡವೆನಿಸಿದರೆ ನಿಮ್ಮ ಭಾಗದವರಿಗೆಂದೇ ಇನ್ನೊಂದು ಎಳೆಯಿದೆ: ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿಯ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ಗುಂಪು ಮಾಡಿತು. ಲಿಂಗಸುಗೂರು ಯಾವ ಗುಂಪಿನಲ್ಲಿದೆ, ಯಾವ ಸೂಚ್ಯಂಕಗಳಿಂದಾಗಿ ಅಲ್ಲಿ ಬಿತ್ತು ಎಂದು ನೀವೇ ಹುಡುಕಿ ತೆಗೆಯಿರಿ. ಹತ್ತು ವರ್ಷದ ನಂತರ 98ನೆಯ ತಿದ್ದುಪಡಿಯ ಮೂಲಕ 371ಜೆ ಬಂತು. ನೀವು ಪ್ರವೇಶದ ಅರ್ಜಿಗೆ ಲಗತ್ತಿಸುವ ಅರ್ಹತಾ ಪ್ರಮಾಣಪತ್ರ ಆ ವಿಧಿಯದ್ದೇ ಕೂಸು. ಸಮಾನತೆ ಎಂದರೆ ಎಲ್ಲರಿಗೂ ಒಂದೇ ನಿಯಮವೋ, ಹಿಂದೆ ಉಳಿದವರಿಗೆ ಬೇರೆ ನಿಯಮವೋ ಎಂಬ ಸಿದ್ಧಾಂತದ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅರ್ಥಶಾಸ್ತ್ರ ಜೊತೆಗಿದ್ದರೆ ಈ ಎಳೆ ಇನ್ನೂ ಗಟ್ಟಿಯಾಗುತ್ತದೆ.

ಎರಡನೆಯ ವರ್ಷದಲ್ಲಿ ಒಂದಾದರೂ ನ್ಯಾಯಾಲಯದ ತೀರ್ಪನ್ನು ಮೂಲದಲ್ಲಿ, ಪೂರ್ತಿಯಲ್ಲದಿದ್ದರೂ ಒಬ್ಬ ನ್ಯಾಯಮೂರ್ತಿಯ ಅಭಿಪ್ರಾಯದಷ್ಟನ್ನು, ಓದಬೇಕು. ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ನಾನು ಸೂಚಿಸುತ್ತೇನೆ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ಆಧರಿಸಿ ರಾಜ್ಯಪಾಲರು ವರದಿ ಕಳುಹಿಸಿದರು. ಬಹುಮತವನ್ನು ಸದನದಲ್ಲಿ ಸಾಬೀತುಪಡಿಸುತ್ತೇನೆಂಬ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮಾತಿಗೆ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ತೀರ್ಮಾನಿಸಿತು. ರಾಜ್ಯಪಾಲರ ಸ್ಥಾನ, ಪಕ್ಷಾಂತರ, ರಾಷ್ಟ್ರಪತಿ ಆಡಳಿತದ 356ನೆಯ ವಿಧಿ, ಜಾತ್ಯತೀತತೆ ಇವೆಲ್ಲ ಪಠ್ಯಕ್ರಮದಲ್ಲಿ ಬೇರೆ ಬೇರೆ ಘಟಕಗಳು. ಇಲ್ಲಿ ಒಂದೇ ಕಡತದಲ್ಲಿ ಸಿಗುತ್ತವೆ. ಇದನ್ನು ಓದಿದ ಮೇಲೆ ಧೈರ್ಯವಿದ್ದರೆ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ 1973ರ ಕೇಶವಾನಂದ ಭಾರತಿ ತೀರ್ಪಿಗೆ ಕೈಹಾಕಬಹುದು. ಆ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ನಮ್ಮ ಗಡಿಯ ಕನ್ನಡದ ನೆಲದವರು ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ.

ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ನಕಾಶೆ ಮತ್ತು ದಿನಪತ್ರಿಕೆಯ ವಿದೇಶ ಪುಟ ತಪ್ಪದೆ ಜೊತೆಗಿದ್ದರೆ ಅದು ತಾನಾಗಿಯೇ ಹತ್ತಿರವಾಗುತ್ತದೆ. ಅದಕ್ಕಿಂತ ಹೆಚ್ಚಿನ ಕೊರತೆ ನಾನು ಕಂಡಿರುವುದು ಅಂಕಿಅಂಶ ನೋಡುವ ಅಭ್ಯಾಸದಲ್ಲಿ. ಕಂಪ್ಯೂಟರಿಗೆ ಸಂಬಂಧಿಸಿದ ಕೌಶಲ್ಯದ ಪತ್ರಿಕೆ ಆಯ್ಕೆಯಲ್ಲಿದ್ದರೆ ಬಿಡಬೇಡಿ, ಎಕ್ಸೆಲ್‌ನಲ್ಲಿ ಕೂಡಿಸಿ ಕಳೆದು ಶೇಕಡಾವಾರು ತೆಗೆಯುವಷ್ಟು ಬಂದರೂ ಸಾಕು. ವಿಧಾನಸಭಾ ಚುನಾವಣೆಯ ನಂತರ ಪ್ರತಿ ಕ್ಷೇತ್ರಕ್ಕೂ ಮತಗಟ್ಟೆವಾರು ಫಲಿತಾಂಶ ನಮೂನೆ 20ರಲ್ಲಿ ಪ್ರಕಟವಾಗುತ್ತದೆ. ನಿಮ್ಮ ಕ್ಷೇತ್ರದ ಆ ಹಾಳೆಗಳನ್ನು ತೆಗೆದು, ನಿಮಗೆ ಗೊತ್ತಿರುವ ನಾಲ್ಕು ಊರುಗಳ ಮತಗಟ್ಟೆಗಳನ್ನು ಮಾತ್ರ ಹೋಲಿಸಿ ನೋಡಿ. ಕಟ್ಟೆಯ ಮೇಲೆ ಕುಳಿತವರು 'ಆ ಊರೆಲ್ಲ ಒಬ್ಬರಿಗೇ ಹಾಕಿತು' ಎಂದದ್ದು ಎಷ್ಟು ನಿಜ ಎಂದು ತಿಳಿಯುತ್ತದೆ.

ಪದವಿಯ ನಂತರದ ದಾರಿಗಳನ್ನು ಈಗಲೇ ಮುಚ್ಚಿಕೊಳ್ಳದಿರಲು ಎರಡು ಎಚ್ಚರಿಕೆಗಳು. ಕಾನೂನು ಓದುವ ಯೋಚನೆಯಿದ್ದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು. ಇದು ನಿಮಗೆ ಕಷ್ಟವಲ್ಲ. ಶಿಕ್ಷಕಿಯಾಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಹೆಚ್ಚು ಜಾಗರೂಕರಾಗಿರಬೇಕು. ಬಿ.ಇಡಿ. ಬೋಧನಾ ವಿಷಯವೂ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯ ಅರ್ಹತೆಯೂ ಪದವಿಯಲ್ಲಿ ಓದಿದ ವಿಷಯಗಳನ್ನು ಅವಲಂಬಿಸಿರುತ್ತವೆ. ಕಾಂಬಿನೇಷನ್ ತುಂಬುವ ಮೊದಲು ಇತ್ತೀಚಿನ ನೇಮಕಾತಿ ಅಧಿಸೂಚನೆಯಲ್ಲಿ ಸಮಾಜ ವಿಜ್ಞಾನದ ಅರ್ಹತೆಯ ಅಂಕಣವನ್ನು ಒಮ್ಮೆ ಓದಿ. ಸಮಾಜ ವಿಜ್ಞಾನದ ಗುಂಪಿನ ವಿಷಯಗಳು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಅನುಭವ. ಐಚ್ಛಿಕ ಕನ್ನಡಕ್ಕಿಂತ ಅರ್ಥಶಾಸ್ತ್ರ ಮೇಲೆನ್ನಲು ಇದೂ ಒಂದು ಕಾರಣ.

ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದನ್ನು ಸೈಬರ್ ಅಂಗಡಿಯವರಿಗೆ ವಹಿಸಿ ಬರಬೇಡಿ. ಅವರು ಹಿಂದಿನ ಅರ್ಜಿಯಲ್ಲಿದ್ದ ಕಾಂಬಿನೇಷನ್ ಅನ್ನೇ ಒತ್ತಿಬಿಟ್ಟದ್ದುಂಟು. ಪಕ್ಕದಲ್ಲೇ ಕುಳಿತು, ಮೂರೂ ವಿಷಯಗಳ ಹೆಸರನ್ನು ಓದಿ, ಮುದ್ರಿತ ಪ್ರತಿ ತೆಗೆದುಕೊಳ್ಳಿ. ವಿಷಯ ಬದಲಾವಣೆಗೆ ಕೊನೆಯ ದಿನಾಂಕ ಯಾವುದೆಂದು ಅದೇ ದಿನ ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದುಕೊಂಡು, ಆ ದಿನದೊಳಗೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎರಡೂ ತರಗತಿಗಳಲ್ಲಿ ಒಂದು ವಾರ ಕುಳಿತು ನೋಡಿ.